ಕೆರ್ರಿಯಲ್ಲೊಂದು ಗೋಮಾಳ

ಬೋರ್ಡುಗಳಲ್ಲಿ ಸ್ಥಳೀಯ ಭಾಷೆ ಇರಲೇಬೇಕು ಅಂತ ವಾದ ಮಾಡುವವರಲ್ಲಿ ನಾನೂ ಒಬ್ಬ. ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು ಅಂತ 2024ರ ಆರಂಭದಲ್ಲಿ ಕರ್ನಾಟಕದಲ್ಲಿ ಕಾನೂನು ಬಂದಾಗ, ಡಬ್ಲಿನ್‌ನಲ್ಲಿ ಕೂತುಕೊಂಡೇ ಖುಷಿಪಟ್ಟಿದ್ದೆ. ಅದೇ ವರ್ಷ ಜೂನ್‌ನಲ್ಲಿ ಐರ್ಲೆಂಡಿನ ಬೋರ್ಡುಗಳು ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡವು.

ಅಮ್ಮ ತೀರ್ಥಹಳ್ಳಿಯಿಂದ ಮೂರು ತಿಂಗಳಿಗೆ ಅಂತ ಬಂದಿದ್ದಳು. ಡಬ್ಲಿನ್ ಅವಳಿಗೆ ರುಚಿಸಲಿಲ್ಲ. "ಒಗೆದು ಒಣಗಿಸದೆ ಇಟ್ಟ ಬಟ್ಟೆ ಥರ ಇದೆ ಊರು" ಎಂದಳು. ಸರಿ, ಈ ದೇಶದ ಚೆಂದ ತೋರಿಸೋಣ ಅಂತ ಹೆಂಡತಿ, ಅಮ್ಮ, ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿ ಸಮೇತ ಕೆರ್ರಿಗೆ ಹೊರಟೆ. ಕೌಂಟಿ ಕೆರ್ರಿ ಅಂದರೆ ಐರ್ಲೆಂಡಿನ ನೈಋತ್ಯ ಮೂಲೆಯ ಜಿಲ್ಲೆ. ನೆಲವೇ ಬೆರಳು ಚಾಚಿ ಅಟ್ಲಾಂಟಿಕ್ ಮುಟ್ಟಿ ನೋಡುವ ಜಾಗ. ದೇಶದ ಅತಿ ಎತ್ತರದ ಶಿಖರ ಕ್ಯಾರಂಟೂಹಿಲ್ ಇರುವುದೂ ಅಲ್ಲೇ, 1038 ಮೀಟರ್. ಇದನ್ನು ಹೆಮ್ಮೆಯಿಂದ ಹೇಳಿದೆ.

"ಕೊಡಚಾದ್ರಿ ಎಷ್ಟು?" ಎಂದಳು ಅಮ್ಮ.

"1343."

ಅಮ್ಮ ಶಾಲು ಹೊದ್ದುಕೊಂಡು ಹಿಂದಿನ ಸೀಟಿನಲ್ಲಿ ಮಲಗಿದಳು. ಎದ್ದಿದ್ದು ಡಿಂಗಲ್ ಊರು ಬಂದಾಗಲೇ.

ಉಳಿದುಕೊಂಡ ಮನೆ ನಮ್ಮ ಮಲೆನಾಡಿನ ಹೋಂಸ್ಟೇ ಥರವೇ ಇತ್ತು. ರಾತ್ರಿ ಹತ್ತಾಗುತ್ತಾ ಬಂದರೂ ಹೊರಗೆ ಬೆಳಕು. ದೇವರಿಗೆ ದೀಪ ಯಾವಾಗ ಹಚ್ಚಬೇಕು ಅನ್ನೋದು ತೀರ್ಮಾನ ಆಗದೆ ಅಮ್ಮ ಕಿಟಕಿ ಹತ್ತಿರ ಕೂತೇ ಇದ್ದಳು. ಬೆಳಿಗ್ಗೆ ತಿಂಡಿಗೆ ಪಕ್ಕದ ಟೇಬಲ್ಲಿನವರ ತಟ್ಟೆಯಲ್ಲಿ ಬಿಲ್ಲೆ ಬಿಲ್ಲೆ ಆಕಾರದ್ದೇನೋ ಕಂಡಿತು. ವೈಟ್ ಪುಡಿಂಗ್ ಅಂತೆ. ಪುಡಿಂಗ್ ಅಂದಮೇಲೆ ಸಿಹಿ ತಾನೇ, ನಮಗೂ ಎರಡೆರಡು ಹಾಕಿ ಎಂದೆ. ಮನೆಯೊಡತಿ ಮುಖ ಸಣ್ಣಗೆ ಮಾಡಿಕೊಂಡು, "ನೀವು ಸಸ್ಯಾಹಾರಿ ಅಂದಿದ್ರಲ್ಲ? ಇದು ಹಂದಿಮಾಂಸ" ಎಂದರು. ಬ್ಲ್ಯಾಕ್ ಪುಡಿಂಗ್ ಆದರೆ ರಕ್ತವೂ ಸೇರಿರುತ್ತದೆ ಅಂತ ಮಾಹಿತಿಯನ್ನೂ ಕೊಟ್ಟರು. ಅನುವಾದ ಮಾಡು ಎಂದಳು ಅಮ್ಮ. ಮಾಡಲಿಲ್ಲ. ಸೋಡಾ ಬ್ರೆಡ್ಡಿಗೆ ಬೆಣ್ಣೆ, ಮಾವಿನಮಿಡಿ ಹಚ್ಚಿಕೊಂಡು ತಿಂದೆವು. ಚೆನ್ನಾಗಿರುತ್ತದೆ, ಬೇಕಾದರೆ ನೋಡಿ.

ಆ ದಿನದ ಕಾರ್ಯಕ್ರಮ ಸ್ಲೇ ಹೆಡ್ ಸುತ್ತು. ಡಿಂಗಲ್‌ನಿಂದ ಹೊರಟು ಸಮುದ್ರದ ಅಂಚಿನಲ್ಲೇ ಸುತ್ತಿಕೊಂಡು ಮತ್ತೆ ಡಿಂಗಲ್‌ಗೇ ಬರುವ ರಸ್ತೆ, 50 ಕಿ.ಮೀ.ಗಿಂತ ಸ್ವಲ್ಪ ಕಮ್ಮಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗಿ, ಟೂರಿಸ್ಟ್ ಬಸ್ಸುಗಳೆಲ್ಲ ಹಾಗೇ ಹೋಗೋದು ಅಂತ ಮನೆಯೊಡತಿ ಹೇಳಿದರು. ಇದನ್ನು ಅಮ್ಮನಿಗೆ ಅನುವಾದ ಮಾಡಿದ್ದೇ ತಪ್ಪಾಯಿತು.

"ಪ್ರದಕ್ಷಿಣೆ. ಅದೇ ಸರಿ" ಎಂದಳು.

ನನ್ನ ತಲೆ ಬೇರೆ ಓಡಿತು. ಬಸ್ಸುಗಳೆಲ್ಲ ಆ ಕಡೆಯಿಂದ ಹೋದರೆ ನಾವು ಈ ಕಡೆಯಿಂದ ಹೋಗೋಣ, ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಳ್ಳೋದು ತಪ್ಪುತ್ತದೆ. ಇಲ್ಲಿ ನಮ್ಮಲ್ಲಿಯ ಹಾಗೇ ಎಡಗಡೆ ಓಡಿಸೋದು. ಅಮೆರಿಕದವರಾದರೆ ಒದ್ದಾಡಬೇಕು, ಆಗುಂಬೆ ಘಾಟಿ ಇಳಿಸಿದವನಿಗೆ ಏನು ಕಷ್ಟ? ಅಪ್ರದಕ್ಷಿಣೆ ಹೊರಟೆ. ಅಮ್ಮ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಜಾಸ್ತಿ ಭಯ.

ಡಿಂಗಲ್‌ನಿಂದ ಪಶ್ಚಿಮಕ್ಕೆ ಐರಿಷ್ ಮಾತಾಡುವ ಊರುಗಳು. ಬೋರ್ಡುಗಳಲ್ಲಿ ಶೇ. 60 ಅಲ್ಲ, ಪೂರ್ತಿ ನೂರು ಐರಿಷ್. ನಾನು ಮೆಚ್ಚಿಕೊಂಡೆ. ಮೆಚ್ಚಿಕೊಳ್ಳುತ್ತಲೇ ಎರಡು ಸಲ ದಾರಿ ತಪ್ಪಿದೆ. ಎದುರು ಬರುವ ಕಾರಿನವರೆಲ್ಲ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡುತ್ತಿದ್ದರು. "ನಿನಗೆ ಇಷ್ಟೊಂದು ಜನ ಪರಿಚಯ ಉಂಟಾ?" ಅಂತ ಅಮ್ಮನಿಗೆ ಆಶ್ಚರ್ಯ. ನಾನು ಹೌದು ಎಂದೆ.

ಅಷ್ಟರಲ್ಲಿ ಒಂದು ತಿರುವಿನಲ್ಲಿ ರಸ್ತೆಯ ಮೇಲೇ ದೊಡ್ಡ ಬಿಳಿ ಅಕ್ಷರಗಳು: ಗೋ ಮಾಲ್.

"ರೀ, ಈ ಊರಲ್ಲಿ ಮಾಲ್ ಇದ್ಯಂತೆ!" ಎಂದಳು ಹೆಂಡತಿ, ಅವತ್ತು ಮೊದಲ ಸಲ ಉತ್ಸಾಹದಿಂದ. ಸುತ್ತಮುತ್ತ ಕಲ್ಲಿನ ಕಟ್ಟೆ, ಹುಲ್ಲು, ಬೆನ್ನಿಗೆ ನೀಲಿ ಬಣ್ಣ ಬಳಿಸಿಕೊಂಡ ಕುರಿ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಅಕ್ಷರ ಕೂಡಿಸಿ ಓದಿದಳು.

"ಮಾಲ್ ಅಲ್ಲ ಮಾರಾಯ್ತಿ. ಗೋಮಾಳ. ಸರಿಯಾಗಿ ಬರೆದಿದ್ದಾರಲ್ಲ. ನೋಡು, ಇವರು ಒಂದು ಅಡಿ ಒತ್ತುವರಿ ಆಗೋಕೆ ಬಿಟ್ಟಿಲ್ಲ."

ಬಲಗಡೆ ಕುರಿ, ಎಡಗಡೆ ಹಸು. ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

ಆಮೇಲೆ ಮಂಜು ಇಳಿಯಿತು. ಸುಮ್ನೆ ಹೇಳುತ್ತಿಲ್ಲ, ಬಾನೆಟ್ಟಿನ ತುದಿ ಕಾಣುತ್ತಿರಲಿಲ್ಲ. ಜೊತೆಗೆ ಸೋನೆ ಮಳೆ. ವ್ಯೂ ಪಾಯಿಂಟ್ ಬಂದಾಗಲೆಲ್ಲ ಇಳಿದೆವು. ಏನೇನು ಕಾಣುತ್ತದೆ ಅಂತ ಬೋರ್ಡಿನಲ್ಲಿ ಚಿತ್ರ ನೋಡಿ, ತಲೆ ಎತ್ತಿ ಬಿಳಿ ಗೋಡೆ ನೋಡಿ, ಮತ್ತೆ ಹತ್ತಿದೆವು. "ಇದಕ್ಕೆ ಐದು ತಾಸು ಬರಬೇಕಿತ್ತಾ? ಶ್ರಾವಣದಲ್ಲಿ ನಮ್ಮ ಜಗಲಿಯಲ್ಲಿ ಕೂತರೆ ಇದೇ ಕಾಣ್ತದೆ" ಎಂದಳು ಅಮ್ಮ.

ಆ ಬಿಳಿ ಗೋಡೆಯ ಆಚೆ ಬ್ಲಾಸ್ಕೆಟ್ ದ್ವೀಪಗಳಿವೆ ಎಂದೆ. ದೊಡ್ಡ ದ್ವೀಪದಲ್ಲಿ ಒಂದು ಊರೇ ಇತ್ತು, 1953ರಲ್ಲಿ ಉಳಿದವರನ್ನೆಲ್ಲ ಈ ಕಡೆ ದಡಕ್ಕೆ ಕರೆತಂದರು.

ಅಮ್ಮ ತಿರುಗಿದಳು. ಅವಳ ತವರಿನವರು ಲಿಂಗನಮಕ್ಕಿ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವರು. "ಸರ್ಕಾರವೇ ಎಬ್ಬಿಸಿತಾ?"

"ಇಲ್ಲ. ಗಾಳಿ ಮಳೆಗೆ ದೋಣಿ ಹಾಕೋಕೆ ಆಗ್ತಿರಲಿಲ್ಲ, ಹರೆಯದವರು ಕಮ್ಮಿ ಆದರು. ಅವರೇ ಕೇಳಿಕೊಂಡರು."

"ಮನೆಗಳು ಈಗಲೂ ಉಂಟಾ?"

"ಗೋಡೆಗಳಿವೆ."

"ಹಾಗಾದರೆ ನೋಡ್ಬೇಕು" ಎಂದಳು. ಪ್ರವಾಸದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಡನ್‌ಕ್ವಿನ್ ಇನ್ನೇನು ಬಂತು ಅನ್ನುವಾಗ ಮಂಜಿನೊಳಗಿಂದ ಎರಡು ಲೈಟು. ಬಸ್ಸು. ಎಡಕ್ಕೆ ಕಲ್ಲುಕಟ್ಟೆ, ಬಲಕ್ಕೂ ಕಲ್ಲುಕಟ್ಟೆ, ಮಧ್ಯೆ ಒಂದೂವರೆ ಕಾರಿನ ಜಾಗ. ಬಸ್ಸಿನ ಹಿಂದೆ ನಾನು ಸಿಕ್ಕಿಹಾಕಿಕೊಳ್ಳಲಿಲ್ಲ, ಎದುರಿಗೆ ಸಿಕ್ಕಿಹಾಕಿಕೊಂಡೆ. ರಿವರ್ಸ್ ಹೋಗಲೇಬೇಕಾಯಿತು. ಹೆಂಡತಿ ಇಳಿದು "ಬನ್ನಿ, ಬನ್ನಿ, ಬನ್ನಿ, ಅಯ್ಯೋ" ಅನ್ನುತ್ತಿದ್ದಳು. ಬಸ್ಸಿನವರೆಲ್ಲ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಕೊನೆಗೊಂದು ತೋಟದ ಗೇಟು ಸಿಕ್ಕಿ ಪಕ್ಕಕ್ಕೆ ಸರಿದೆ. ಡ್ರೈವರ್ ಒಂದು ಬೆರಳು ಎತ್ತಿ ಹೋದ. ಅವನ ಹಿಂದೆ ಇನ್ನೂ ಎರಡು ಬಸ್ಸು ಇದ್ದವು.

"ಅಪ್ರದಕ್ಷಿಣೆ" ಎಂದಳು ಅಮ್ಮ. ಅಷ್ಟೇ.

ಡನ್‌ಕ್ವಿನ್‌ನಲ್ಲಿ ಒಂದು ಕೆಫೆ ಕಂಡಿತು. ರಿವರ್ಸ್ ಗಾಬರಿ ನೇರ ಮೂತ್ರಕೋಶಕ್ಕೆ ಇಳಿದಿತ್ತು. ಓಡಿದೆ. ಎರಡು ಬಾಗಿಲು. ಚಿತ್ರ ಇಲ್ಲ, ಗೊಂಬೆ ಇಲ್ಲ. ಒಂದರ ಮೇಲೆ ‘ಎಂ’ನಿಂದ ಶುರುವಾಗುವ ‘ಮ್ನಾ’, ಇನ್ನೊಂದರ ಮೇಲೆ ‘ಎಫ್’ನಿಂದ ಶುರುವಾಗುವ ‘ಫಿರ್’. ಎಂ ಅಂದರೆ ಮೇಲ್, ಎಫ್ ಅಂದರೆ ಫೀಮೇಲ್. ನರ್ಸರಿ ಮಗುವಿಗೂ ಗೊತ್ತು. ನುಗ್ಗಿದೆ.

ಒಳಗೆ ತುಂಬ ಶುಚಿಯಾಗಿತ್ತು. ಹೂವಿನ ಕುಂಡ ಬೇರೆ. ಆಗಲೇ ಅನುಮಾನ ಬರಬೇಕಿತ್ತು.

ಕೆಲಸ ಮುಗಿಸಿ ಹೊರಬಾಗಿಲು ಅರ್ಧ ತೆರೆದು ತಲೆ ಹಾಕಿದೆ. ಅಂಗಳದಲ್ಲಿ ಹೊಸದೊಂದು ಬಸ್ಸು ನಿಂತಿತ್ತು. ಹತ್ತಿಪ್ಪತ್ತು ಹೆಂಗಸರು ನೇರ ನನ್ನ ಬಾಗಿಲಿಗೇ ಬರುತ್ತಿದ್ದರು. ಆಗ ತಲೆಗೆ ಹೊಳೆಯಿತು. ವಾಪಸ್ ಒಳಗೋಡಿ ಚಿಲಕ ಹಾಕಿಕೊಂಡೆ. ಬಾಗಿಲ ಕೆಳಗೆ ನನ್ನ ಹನ್ನೊಂದನೇ ನಂಬರಿನ ಶೂ ಕಾಣುತ್ತದಲ್ಲ ಅಂತ ಎರಡೂ ಕಾಲು ಮೇಲೆತ್ತಿ ಕೂತೆ. ಹೊರಗೆ ನಗು, ನಲ್ಲಿ, ಕೈ ಒಣಗಿಸುವ ಮಷಿನ್ನಿನ ಸದ್ದು. ಯಾರೋ ನನ್ನ ಬಾಗಿಲು ತಟ್ಟಿದರು. ಆದಷ್ಟು ತೆಳುವಾಗಿ ಕೆಮ್ಮಿದೆ.

ಹೆಂಡತಿಯ ಮೆಸೇಜ್ ಬಂತು: "ಬೇಗ ಬನ್ನಿ, ಮಂಜು ಸರೀತಿದೆ!"

"ಬರಕ್ಕಾಗಲ್ಲ" ಅಂತ ಬರೆದೆ.

"ಪೂರ್ತಿ ಕಾಣ್ತಿದೆ ರೀ! ಊರು, ಗೋಡೆ ಎಲ್ಲ. ಅತ್ತೆ ಅಳ್ತಿದಾರೆ. ಎಲ್ಲಿದೀರಾ?"

ಎಲ್ಲಿದ್ದೇನೆ ಅಂತ ಬರೆಯುವ ಧೈರ್ಯ ಬರಲಿಲ್ಲ. ಗದ್ದಲ ಅಡಗಿದ ಮೇಲೆ ಹೊರಗೆ ಬಂದೆ. ಸಮುದ್ರದ ಕಡೆ ಓಡಿದೆ. ಬಿಳಿ ಗೋಡೆ ಮತ್ತೆ ಎದ್ದಿತ್ತು.

ಸಂಜೆ ಮನೆಯೊಡತಿ ನಗು ತಡೆಯಲಾರದೆ ಪಾಠ ಮಾಡಿದರು. ಐರಿಷ್‌ನಲ್ಲಿ ಗಂಡಸು ಫ್ಯಾರ್, ಗಂಡಸರು ಫಿರ್. ಮ್ನಾ ಅಂದರೆ ಹೆಂಗಸರು. ‘ಗೋ ಮಾಲ್’ ಅಂದರೆ ನಿಧಾನ ಹೋಗಿ ಅಂತ. (ಅಮ್ಮ ಇದನ್ನು ಒಪ್ಪಲಿಲ್ಲ.) ಬ್ಲಾಸ್ಕೆಟ್‌ಗಳಲ್ಲಿ ಒಂದು ದ್ವೀಪ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ, ಅದಕ್ಕೆ ಅವರು ಇಟ್ಟ ಹೆಸರು ‘ಸತ್ತ ಗಂಡಸು’. ಈ ದೇಶದ ಪುಣ್ಯಬಾವಿಗಳನ್ನೂ ಜನ ಸೂರ್ಯ ಹೋಗುವ ದಿಕ್ಕಿನಲ್ಲೇ ಸುತ್ತುತ್ತಾರೆ ಅಂತ ಅವರು ಹೇಳಿದ್ದನ್ನು ಮಾತ್ರ ನಾನು ಅನುವಾದ ಮಾಡಬಾರದಿತ್ತು.

ಹೆಂಡತಿ ತೆಗೆದ ಫೋಟೋ ಈಗ ತೀರ್ಥಹಳ್ಳಿ ಮನೆಯಲ್ಲಿ ಟಿವಿ ಪಕ್ಕ ಫ್ರೇಮಿನಲ್ಲಿದೆ. ಮಂಜು ಸರಿಯತೊಡಗಿದಾಗ ಮೊದಲು ತೆಗೆದದ್ದು. ಶಾಲು ಹೊದ್ದ ಅಮ್ಮ, ಒಂದು ಕಡೆ ಸಮುದ್ರ, ದ್ವೀಪ, ಇನ್ನೊಂದು ಕಡೆ ಕೆಫೆ. ಮನೆಗೆ ಬಂದವರಿಗೆಲ್ಲ ಅಮ್ಮ ಬೆರಳಿಟ್ಟು ತೋರಿಸುತ್ತಾಳಂತೆ:

"ಇದು ಜನ ಬಿಟ್ಟು ಬಂದ ಊರು. ಇದು ಸತ್ತ ಗಂಡಸು. ಇಲ್ಲಿ ಹೆಂಗಸರ ಬಾಗಿಲಲ್ಲಿ ಇಣುಕ್ತಾ ಇದ್ದಾನಲ್ಲ, ಇವ ನಮ್ಮವ."