ಹಿಮನದಿಯ ಮೂತಿ ನೋಡಿ ತೂಕ ಹೇಳಬೇಡಿ

ಎರಡು ಫೋಟೊ ಪಕ್ಕಪಕ್ಕ ಇಟ್ಟು "ಹಿಮಾಲಯ ಕರಗಿಹೋಯ್ತು" ಅನ್ನುವ ಪೋಸ್ಟುಗಳು ಆಗಾಗ ಓಡಾಡುತ್ತವೆ. ಕರಗುತ್ತಿರುವುದು ನಿಜ. ಆದರೆ ಮೂತಿ, ಅಂದರೆ ಹಿಮನದಿಯ ಕೆಳತುದಿ, ಎಷ್ಟು ಹಿಂದೆ ಸರಿಯಿತು ಅನ್ನುವುದರಿಂದ ಮಂಜುಗಡ್ಡೆ ಎಷ್ಟು ಹೋಯಿತು ಅಂತ ತಿಳಿಯುವುದಿಲ್ಲ. ಗಂಗೋತ್ರಿಯಂಥ ಹಿಮನದಿಯ ಕೆಳಭಾಗಕ್ಕೆ ಕಲ್ಲುಮಣ್ಣಿನ ಹೊದಿಕೆ ಇದೆ. ಇಂಥವು ಮೂತಿಯನ್ನು ಹೆಚ್ಚು ಕದಲಿಸದೆಯೇ ಸೊರಗಬಲ್ಲವು. ನೋಡಬೇಕಾದ್ದು ದಪ್ಪವನ್ನು.

ಉಪಗ್ರಹದಿಂದ ತೂಕ ಅಂದ ಕೂಡಲೇ ಎಲ್ಲರೂ ಗ್ರೇಸ್ ಹೆಸರು ಹೇಳುತ್ತಾರೆ. ಅದು 2002ರಲ್ಲಿ ಹಾರಿದ ಉಪಗ್ರಹಗಳ ಜೋಡಿ, ಎರಡರ ನಡುವೆ ಸುಮಾರು 220 ಕಿ.ಮೀ. ಆ ಅಂತರದ ಕೂದಲೆಳೆಯಷ್ಟು ಏರುಪೇರಿನಿಂದ ಕೆಳಗಿನ ಗುರುತ್ವ ತಿಳಿಯುತ್ತದೆ. ಗ್ರೀನ್‌ಲ್ಯಾಂಡಿಗೆ ಸೊಗಸಾದ ತಕ್ಕಡಿ. ಹಿಮಾಲಯಕ್ಕೆ ಅಲ್ಲ! ಅದರ ಕಣ್ಣಿಗೆ ಮುನ್ನೂರು ಕಿ.ಮೀ.ಗಿಂತ ಸಣ್ಣದು ಕಾಣುವುದೇ ಕಷ್ಟ. ಪಕ್ಕದಲ್ಲೇ ಪಂಜಾಬ್, ಹರಿಯಾಣದ ಬೋರ್‌ವೆಲ್‌ಗಳು ಅಂತರ್ಜಲ ಹೀರುತ್ತಿವೆ. ಎರಡೂ ಒಂದೇ ತಟ್ಟೆಗೆ ಬೀಳುತ್ತವೆ. 2012ರ ಒಂದು ಅಧ್ಯಯನ ಏಷ್ಯಾದ ಎತ್ತರದ ಪರ್ವತಗಳ ನಷ್ಟ ವರ್ಷಕ್ಕೆ 4 ಶತಕೋಟಿ ಟನ್ ಅಂದಿತು, ಅದೂ 20 ಹೆಚ್ಚೋ ಕಡಿಮೆಯೋ ಇರಬಹುದಂತೆ! ಅನುಮಾನವೇ ಉತ್ತರದ ಐದು ಪಟ್ಟು.

ನನ್ನ ಮತ ಎತ್ತರದ ನಕ್ಷೆಗಳನ್ನು ಕಳೆಯುವ ವಿಧಾನಕ್ಕೆ. ಎಪ್ಪತ್ತರ ದಶಕದ ಅಮೆರಿಕದ ಹೆಕ್ಸಗನ್ ಬೇಹು ಉಪಗ್ರಹದ ಫಿಲ್ಮು, 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ತೆಗೆದ ಎಸ್‌ಆರ್‌ಟಿಎಂ ರೇಡಾರ್ ನಕ್ಷೆ, ಆಸ್ಟರ್ ಎಂಬ ಉಪಗ್ರಹ ಕ್ಯಾಮೆರಾ ಮತ್ತು ಭಾರತದ ಕಾರ್ಟೊಸ್ಯಾಟ್-1 ಉಪಗ್ರಹ ಎರಡು ಕೋನದಿಂದ ತೆಗೆದ ಜೋಡಿ ಚಿತ್ರಗಳು: ಹೊಸದರಿಂದ ಹಳೆಯದನ್ನು ಕಳೆದರೆ ಎಷ್ಟು ಇಳಿದಿದೆ ಅಂತ ಸಿಗುತ್ತದೆ. ಹೇಳಲು ಇಷ್ಟೇ, ಪೇಚಿಗೆ ಬೀಳುವುದು ಮುಂದೆ.

ಮೊದಲು ಎರಡೂ ನಕ್ಷೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. 30 ಡಿಗ್ರಿ ಇಳಿಜಾರಿನಲ್ಲಿ ನಕ್ಷೆ ಅಡ್ಡಕ್ಕೆ 10 ಮೀಟರ್ ಜರುಗಿದ್ದರೆ ಎತ್ತರದಲ್ಲಿ 5.8 ಮೀಟರ್ ಸುಳ್ಳು. ಪರೀಕ್ಷೆ ಸುಲಭ: ಹಿಮನದಿಯ ಹೊರಗಿನ ಬಂಡೆ ಇಳಿದೂ ಇಲ್ಲ, ಏರಿಯೂ ಇಲ್ಲ, ಅಲ್ಲಿ ಉತ್ತರ ಸೊನ್ನೆಗೆ ಬರುವವರೆಗೆ ಸರಿಸಬೇಕು. ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಏರಿದಂತೆ, ದಕ್ಷಿಣದ್ದು ಇಳಿದಂತೆ ಕಂಡರೆ ಅದು ಹವಾಮಾನ ಬದಲಾವಣೆಯಲ್ಲ, ನಕ್ಷೆ ಜರುಗಿದೆ.

ಆಮೇಲೆ ರೇಡಾರ್. ಒಣ ಹಿಮದಲ್ಲಿ ಎಸ್‌ಆರ್‌ಟಿಎಂನ 5.6 ಸೆಂ.ಮೀ. ಅಲೆ ಮೇಲ್ಮೈಗೆ ನಿಲ್ಲದೆ ಒಳಕ್ಕೆ ಇಳಿಯುತ್ತದೆ. 3 ಮೀಟರ್ ಇಳಿಯಿತು ಅಂತಿಟ್ಟುಕೊಳ್ಳಿ: 2000ದ ಹಿಮನದಿ ಅಷ್ಟು ಕುಳ್ಳಗೆ ದಾಖಲಾಗಿರುತ್ತದೆ, ಹತ್ತು ವರ್ಷದ ಲೆಕ್ಕದಲ್ಲಿ ವರ್ಷಕ್ಕೆ 0.3 ಮೀಟರ್ ನಷ್ಟ ಮಾಯ. ಹುಡುಕುತ್ತಿರುವ ಸಂಖ್ಯೆಯೇ ಅಷ್ಟು! ಕ್ಯಾಮೆರಾದ ಕಥೆ ಬೇರೆ. ಹೊಸ ಹಿಮದ ಬರೀ ಬಿಳುಪಿನಲ್ಲಿ ಜೋಡಿ ಚಿತ್ರಗಳನ್ನು ಹೊಂದಿಸಲು ಗುರುತೇ ಸಿಗುವುದಿಲ್ಲ, ನಕ್ಷೆ ತೂತು ಬೀಳುತ್ತದೆ. ಅದೇ ಎತ್ತರದ ಪಟ್ಟಿಯ ಸರಾಸರಿಯಿಂದ ತೇಪೆ ಹಾಕುತ್ತಾರೆ.

ಕೊನೆಗೆ ಎತ್ತರದ ಇಳಿಕೆಯನ್ನು ತೂಕಕ್ಕೆ ಬದಲಿಸಬೇಕು. ರೂಢಿಯ ಸಾಂದ್ರತೆ ಘನಮೀಟರಿಗೆ 850 ಕೆ.ಜಿ., 60 ಹೆಚ್ಚೋ ಕಡಿಮೆಯೋ ಇರಬಹುದು. ಐದು ವರ್ಷ ಮೀರಿದ ಅಂತರಕ್ಕೆ ಇದು ಒಪ್ಪುತ್ತದೆ. ಒಂದೆರಡು ವರ್ಷದ ಲೆಕ್ಕಕ್ಕೆ ಬಳಸಿದರೆ ನಿನ್ನೆ ಬಿದ್ದ ಹಗುರ ಹಿಮವನ್ನೂ ಗಟ್ಟಿ ಮಂಜುಗಡ್ಡೆಯ ತೂಕಕ್ಕೆ ಮಾರಿದಂತೆ.

ಇಷ್ಟೆಲ್ಲ ಸೋಸಿದ ಮೇಲೂ ಉತ್ತರ ಸಮಾಧಾನ ಕೊಡುವುದಿಲ್ಲ. ಹಿಮಾಲಯದ 650 ಹಿಮನದಿಗಳು 1975–2000ರಲ್ಲಿ ವರ್ಷಕ್ಕೆ ಸರಾಸರಿ 0.22 ಮೀಟರ್ ದಪ್ಪದ ನೀರಿನ ಪದರಕ್ಕೆ ಸಮನಾದಷ್ಟು ಕಳೆದುಕೊಂಡವು, 2000–2016ರಲ್ಲಿ 0.43.

2025ರ ಜುಲೈ 30ರಂದು ಹಾರಿದ ಭಾರತ-ಅಮೆರಿಕದ ರೇಡಾರ್ ಉಪಗ್ರಹ ನೈಸಾರ್ ಇದನ್ನೆಲ್ಲ ಬಗೆಹರಿಸುತ್ತದೆ ಅನ್ನುವವರಿಗೆ ಒಂದು ಮಾತು: ಹಿಮನದಿಯ ಹರಿವಿನ ವೇಗಕ್ಕೆ ಅದು ಬಲು ಉಪಯೋಗಿ, ಆದರೆ ಅದರ ಎಲ್-ಬ್ಯಾಂಡ್ ಅಲೆ 24 ಸೆಂ.ಮೀ., ಒಣ ಹಿಮದಲ್ಲಿ ಇನ್ನೂ ಆಳಕ್ಕೆ ಇಳಿಯುವಂಥದ್ದು. ಲಾಹೌಲ್‌ನ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಗಳ ನೆಟ್ಟು ಅಳೆಯುತ್ತಿರುವವರ ಕೆಲಸ ಸದ್ಯಕ್ಕೆ ತಪ್ಪುವುದಿಲ್ಲ.