ಹಾಲ್‌ನಲ್ಲಿ ಜೋಗ, ರಾಣಿಯ ಮೇಲೆ ಸ್ವಿಚ್‌ಬೋರ್ಡು

ಸೋಫಾ ಹಿಂದಿನ ಗೋಡೆಗೆ ಜೋಗದ ಫೋಟೊವನ್ನೇ ವಾಲ್‌ಪೇಪರ್ ಮಾಡಿಸಿ ಅಂಟಿಸೋಣ ಅಂತ ಮನೆಮಂದಿಯೆಲ್ಲ ಒಪ್ಪಿದ ಮೇಲೆ ಮೊದಲ ಎಡವಟ್ಟು ಆಗುವುದು ವಾಟ್ಸ್ಯಾಪಿನಲ್ಲಿ. ಭಾವಮೈದ ನಿಲುವಾಗಿ ತೆಗೆದ ಫೋಟೊ ಅಲ್ಲಿಂದ ಮಾಮೂಲಿಯಾಗಿ ಬಂದರೆ ಕುಗ್ಗಿಹೋಗಿ ಅಗಲಕ್ಕೆ ಸುಮಾರು 1200 ಪಿಕ್ಸೆಲ್ ಉಳಿದಿರುತ್ತದೆ. ಗೋಡೆ 10 ಅಡಿ, ಅಂದರೆ 120 ಇಂಚು. ಇಂಚಿಗೆ ಹತ್ತೇ ಚುಕ್ಕೆ, ಒಂದೊಂದೂ ಸಾಸಿವೆ ಕಾಳಿಗಿಂತ ದಪ್ಪ. ದೂರದಿಂದ ನೋಡುವ ಗೋಡೆಗೂ ಇಂಚಿಗೆ 72 ಇದ್ದರೆ ಚೆನ್ನ. ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಳತೆಯದು ಇನ್ನೊಂದು ಕಥೆ. 3:4ರ ನಿಲುವು ಚಿತ್ರವನ್ನು 10×8 ಅಡಿ ಗೋಡೆಗೆ ಹೊಂದಿಸಿದರೆ ನೂರಕ್ಕೆ ನಲವತ್ತು ಭಾಗ ಕತ್ತರಿಗೆ ಹೋಗುತ್ತದೆ. ಒಂದೋ ಆಕಾಶ ಹೋಗಬೇಕು, ಇಲ್ಲವೇ ಜಲಪಾತದ ಬುಡದ ಗುಂಡಿ. ಉಳಿದದ್ದರಲ್ಲಿ ಕೆಳಗಿನ ಮೂರಡಿಯನ್ನು ಸೋಫಾ ನುಂಗುತ್ತದೆ. ಆದ್ದರಿಂದ ಆರ್ಡರ್ ಕೊಡುವ ಮೊದಲೇ ಸ್ವಿಚ್‌ಬೋರ್ಡು, ಏಸಿ, ಸೋಫಾ ಎಲ್ಲವನ್ನೂ ಅಳತೆ ಸಮೇತ ಚಿತ್ರದ ಮೇಲೆ ಗುರುತು ಹಾಕಿ ನೋಡಬೇಕು. ಇಲ್ಲದಿದ್ದರೆ ರಾಣಿ ಜಲಪಾತದ ನಟ್ಟನಡುವೆ ಫ್ಯಾನ್ ರೆಗ್ಯುಲೇಟರ್ ಬಂದು ಕೂರುತ್ತದೆ. ಗೋಡೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ದೊಡ್ಡ ಅಳತೆಗೆ ಸುತ್ತಲೂ ಎರಡಿಂಚು ಸೇರಿಸಿ. ಚಚ್ಚೌಕ ಮೂಲೆ ಇರುವುದು ಪ್ಲಾನಿನಲ್ಲಿ ಮಾತ್ರ.

ವಾಲ್‌ಪೇಪರ್ ಬರುವುದು ಉದ್ದುದ್ದ ಪಟ್ಟಿಗಳಾಗಿ. ಮೂಲೆಯನ್ನು ನಂಬಿ ಮೊದಲ ಪಟ್ಟಿ ಅಂಟಿಸಿದಿರೋ, ಕೊನೆಯ ಪಟ್ಟಿ ಬರುವ ಹೊತ್ತಿಗೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಿದ್ದಾಪುರದ ಕಡೆ ವಾಲಿಕೊಂಡು ಧುಮುಕುತ್ತವೆ. ತೂಗುಗುಂಡು ಇಳಿಬಿಟ್ಟು ಪೆನ್ಸಿಲ್ ಗೆರೆ ಎಳೆದುಕೊಳ್ಳಿ, ಆ ಗೆರೆಗೇ ಪಟ್ಟಿ ಕೂರಲಿ. ನಾನ್-ವೋವನ್ (ನೇಯದೆ, ನಾರು ಒತ್ತಿ ಮಾಡಿದ) ಪೇಪರಾದರೆ ಅಂಟು ಹಚ್ಚುವುದು ಗೋಡೆಗೆ, ಪೇಪರಿಗಲ್ಲ. ಗುಳ್ಳೆಯನ್ನು ನಡುವಿನಿಂದ ಅಂಚಿಗೆ ಸವರಿ ಓಡಿಸಬೇಕು. ಅಂಚಿನಿಂದ ನಡುವಿಗೆ ಒತ್ತಿದರೆ ಗಾಳಿಗೆ ಹೋಗಲು ದಾರಿ ಎಲ್ಲಿ? ಬೋರ್ಡಿನ ಬಳಿ ಮೊದಲು ಮೇನ್ ಆಫ್ ಮಾಡಿ, ಪ್ಲೇಟ್ ಬಿಚ್ಚಿ, ಪೇಪರನ್ನು ಮೂಲೆಯಿಂದ ಮೂಲೆಗೆ ಎರಡು ಗೀರು ಸೀಳಿ ಒಳಗೆ ಮಡಚಿ. ಬ್ಲೇಡ್ ಮಾತ್ರ ಆಗಾಗ ಹೊಸದು ಇರಲಿ. ಮೊಂಡಾದರೆ ಒದ್ದೆ ಪೇಪರ್ ಕತ್ತರಿಸುವುದಿಲ್ಲ, ಹರಿಯುತ್ತದೆ.

ಪುಟ್ಟಿಯ ಧೂಳು ಒರೆಸಿ ಪ್ರೈಮರ್ ಹೊಡೆಯದಿದ್ದರೆ ಅಂಟು ಹಿಡಿಯುವುದು ಗೋಡೆಯನ್ನಲ್ಲ, ಧೂಳನ್ನು. ಒಂದು ವಾರದಲ್ಲಿ ಜಲಪಾತ ತಾನಾಗಿ ಕೆಳಗಿಳಿಯುತ್ತದೆ. ಗೋಡೆಯ ಆಚೆ ಬಚ್ಚಲುಮನೆ ಇದ್ದು ತೇವ ಜಿನುಗುತ್ತಿದ್ದರಂತೂ ಈ ಸಾಹಸವೇ ಬೇಡ. ತೇವ ಮುಚ್ಚಲೆಂದೇ ವಾಲ್‌ಪೇಪರ್ ಹಾಕಿಸುವ ಜಾಣರಿದ್ದಾರೆ. ಅವರಿಗೆ ಮಳೆಗಾಲದಲ್ಲಿ ಬೂಷ್ಟು ಉಚಿತ.

ಒಣಗುವವರೆಗೆ ಏಸಿ ಹಾಕಬೇಡಿ, ಬೇಗ ಒಣಗಿದರೆ ಪಟ್ಟಿಗಳ ನಡುವಿನ ಜೋಡಣೆ ಬಿಡುತ್ತದೆ. ಮಿಕ್ಕ ಚೂರುಗಳನ್ನು ಬಿಸಾಡದೆ ಅಟ್ಟದ ಮೇಲಿಡಿ. ಜೋಡಣೆ ಎಲ್ಲಿದೆ ಅಂತ ಉಗುರಿನಲ್ಲಿ ಕೆದಕಿ ನೋಡುವ ನೆಂಟರು ಗೃಹಪ್ರವೇಶದ ದಿನವೇ ಬರುತ್ತಾರೆ.