ಮುಗಿದ ಕಾದಂಬರಿಗೆ ಮತ್ತೆ ಬಾಲ ಯಾಕೆ?

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಿಗೆ ಹೋದರೆ ಈ ಮುಂದುವರಿದ ಕಥೆಗಳದ್ದೇ ಕಾಟ. ಮುಖಪುಟದಲ್ಲಿ ಹಳೇ ಕಾದಂಬರಿಯ ಹೆಸರು ದಪ್ಪಕ್ಷರದಲ್ಲಿ, ಹೊಸದರ ಹೆಸರು ಕೆಳಗೆ ಸಣ್ಣದಾಗಿ. ಯಾವ ಹೆಸರಿಗೆ ದುಡ್ಡು ಬರುತ್ತೆ ಅಂತ ಅವರಿಗೂ ಗೊತ್ತು!

1936ರ ‘ಗಾನ್ ವಿತ್ ದ ವಿಂಡ್’ ಎಷ್ಟು ಚೆನ್ನಾಗಿ ಮುಗಿದಿತ್ತು. ನಾಯಕಿ ಸ್ಕಾರ್ಲೆಟ್‌ಳನ್ನು ಗಂಡ ರೆಟ್ ಬಿಟ್ಟು ಹೋದ. ವಾಪಸ್ ಬರುತ್ತಾನೋ ಇಲ್ವೋ, ಅದು ಓದಿದವರಿಗೆ ಬಿಟ್ಟಿದ್ದು. ಬರೆದ ಮಾರ್ಗರೆಟ್ ಮಿಚೆಲ್ 1949ರಲ್ಲೇ ತೀರಿಕೊಂಡರು. 1991ರಲ್ಲಿ ವಾರಸುದಾರರ ಒಪ್ಪಿಗೆ ಮೇಲೆ ಬೇರೊಬ್ಬರು ‘ಸ್ಕಾರ್ಲೆಟ್’ ಬರೆದರು. ನಾಯಕಿಯನ್ನು ಐರ್ಲೆಂಡ್‌ವರೆಗೆ ಸುತ್ತಿಸಿ, ಕೊನೆಗೆ ಇಬ್ಬರನ್ನೂ ಒಂದು ಮಾಡಿಬಿಟ್ಟರು. ಥೇಟ್ ಧಾರಾವಾಹಿಯ ಕೊನೇ ಕಂತು.

2015ರಲ್ಲಿ ಬಂದ ‘ಗೋ ಸೆಟ್ ಎ ವಾಚ್‌ಮನ್’ ಓದಿ ಇನ್ನೂ ಸಂಕಟವಾಯಿತು. ಅದು ‘ಟು ಕಿಲ್ ಎ ಮಾಕಿಂಗ್‌ಬರ್ಡ್’ಗಿಂತ ಮೊದಲೇ ಹಾರ್ಪರ್ ಲೀ ಬರೆದಿಟ್ಟಿದ್ದ ಕರಡು. ‘ಮಾಕಿಂಗ್‌ಬರ್ಡ್’ನ ಕೋರ್ಟಿನಲ್ಲಿ ಕಪ್ಪು ಮನುಷ್ಯನ ಪರ ವಾದಿಸಿದ ವಕೀಲ ಅಟಿಕಸ್, ಇಲ್ಲಿ ವರ್ಣಭೇದ ಬೇಕು ಅನ್ನುವವರ ಸಭೆಯಲ್ಲಿ ಕೂತಿರುತ್ತಾನೆ. ಮನುಷ್ಯರು ಹೀಗೂ ಇರುತ್ತಾರೆ, ಒಪ್ಪಿದೆ. ಆದರೆ ಮುಂದಿನ ಕಥೆ ಅನ್ನದೆ, ಕರಡನ್ನು ಕರಡು ಅಂತ್ಲೇ ಹೇಳಿ ಮಾರಬಹುದಿತ್ತು, ಅಲ್ವಾ?

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಇಂಥವನ್ನು ತೆಗೆದು ನೋಡಿ. ಮೊದಲ ಕೆಲವು ಹಾಳೆ ಮಾತ್ರ ಮಾಸಿರುತ್ತವೆ, ಮುಂದಿನದೆಲ್ಲ ಫಳಫಳ.

ಹಿಂದಿನ ಕಥೆ ಹೇಳಲು ಹೊರಡುವವರದ್ದು ಬೇರೆ ರಗಳೆ. ಮೂಲದಲ್ಲಿ ಮುದುಕನ ಕೆನ್ನೆ ಮೇಲೆ ಸುಮ್ನೆ ಒಂದು ಗಾಯದ ಗುರುತಿದ್ದರೆ ಸಾಕು, ಅದಕ್ಕೊಂದು ಅಧ್ಯಾಯ. ಮದುವೆ ಆಗದೆ ಉಳಿದಿದ್ದಕ್ಕೆ ಮತ್ತೊಂದು. ಸ್ವಾಮಿ, ನಾವು ಕೇಳಿದ್ವಾ?